ಮೈಸೂರಿಗೆ ಪಾರ್ಕ್ ನೋಡಲು ಬಂದ ಮಕ್ಕಳಿಗೆ ಏನು ತಿನ್ನಿಸುವುದು? ಮೂರು ದಿನದ ಒಂಬತ್ತು ಹೊತ್ತಿನ ಲೆಕ್ಕ

ಬೇಸಿಗೆ ರಜೆ, ದಸರಾ ರಜೆ ಬಂದರೆ ಮೈಸೂರಿನ ನಮ್ಮ ಮನೆ ತುಂಬ ಮಕ್ಕಳು. ತಂಗಿಯ ಮಕ್ಕಳು, ಭಾವನ ಮಕ್ಕಳು, ಅವರ ಜೊತೆಗೆ ಪಕ್ಕದ ಮನೆಯವರ ಒಂದಿಬ್ಬರು. ಬಂದ ಕೂಡಲೇ ಒಂದೇ ಹಠ: ವಾಟರ್ ಪಾರ್ಕಿಗೆ ಯಾವಾಗ ಹೋಗೋದು? ಆಮೇಲೆ ಮೃಗಾಲಯ, ಕೆಆರ್‌ಎಸ್, ಅರಮನೆ ದೀಪ. ಟಿಕೆಟ್, ಕಾರು, ಈಜುವ ಬಟ್ಟೆ ಎಲ್ಲವನ್ನೂ ಯೋಚಿಸುತ್ತೇವೆ. ಊಟದ ವಿಷಯ ಬಂದಾಗ ಮಾತ್ರ "ಅಲ್ಲೇ ಏನಾದ್ರೂ ತಿಂದ್ರಾಯ್ತು" ಅಂದುಬಿಡುತ್ತೇವೆ.

ಹಾಗೆ ಅಂದುಕೊಂಡು ಹೋದ ಒಂದು ದಿನ ನನಗೆ ಇನ್ನೂ ಮರೆತಿಲ್ಲ. ಬೇರೆ ಊರಿನ ಒಂದು ಪಾರ್ಕು. ತಂಗಿಯ ಮಗಳಿಗೆ ಆಗ ಏಳು ವರ್ಷ. ಹೊರಡುವ ಸಂಭ್ರಮದಲ್ಲಿ ಬೆಳಗ್ಗೆ ಎರಡು ಗುಟುಕು ಹಾಲು ಕುಡಿದಳು ಅಷ್ಟೇ. ಒಂದೂವರೆಗೆ ಊಟದ ಸಾಲಿನಲ್ಲಿ ನಿಂತಾಗ ಹಸಿವಿನಿಂದ ಅಳುತ್ತಿದ್ದಳು. ಬೇಗ ಸಿಕ್ಕಿದ್ದು ಕೆಂಪಗಿದ್ದ ಗೋಬಿ ಮಂಚೂರಿ, ಜೊತೆಗೆ ಒಂದು ಬಾಟಲಿ ಕಿತ್ತಳೆ ಬಣ್ಣದ ಸೋಡಾ. ತಿಂದ ಇಪ್ಪತ್ತು ನಿಮಿಷಕ್ಕೆ ತೂಗುವ ದೋಣಿ ಹತ್ತಿದಳು. ಇಳಿದ ಮೇಲೆ ಪೂರ್ತಿ ವಾಂತಿ. ಆ ದಿನದ ಉಳಿದ ಹೊತ್ತನ್ನೆಲ್ಲ ಒಂದು ಮರದ ನೆರಳಿನಲ್ಲಿ ನನ್ನ ತೊಡೆಯ ಮೇಲೆ ಮಲಗಿ ಕಳೆದಳು. ಮಗು ಆರು ತಿಂಗಳಿಂದ ಕಾದಿದ್ದ ದಿನ ಅದು. ಅಂದಿನಿಂದ ಪ್ರತಿ ರಜೆಗೂ ಊಟವನ್ನೇ ಮೊದಲು ಗೊತ್ತು ಮಾಡುತ್ತೇನೆ. ಮೈಸೂರಿಗೆ ಬರುವವರಿಗೆ ಕೆಲಸಕ್ಕೆ ಬರಲಿ ಅಂತ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂಬತ್ತು ಹೊತ್ತನ್ನು ಎಣಿಸಿ

ಮೂರು ದಿನದ ಪ್ರವಾಸ ಅಂದರೆ ಒಂಬತ್ತು ಹೊತ್ತಿನ ಊಟ. ಅದರಲ್ಲಿ ಪಾರ್ಕಿನ ಒಳಗೆ ತಿನ್ನಬೇಕಾದದ್ದು ಎಷ್ಟು? ಒಂದು. ಮೃಗಾಲಯದ ದಿನವನ್ನೂ ಸೇರಿಸಿದರೆ ಹೆಚ್ಚೆಂದರೆ ಎರಡು. ಉಳಿದ ಏಳು ಹೊತ್ತು ನೀವು ಊರಿನಲ್ಲಿ ಅಥವಾ ದಾರಿಯಲ್ಲಿ ಇರುತ್ತೀರಿ. ಪಾರ್ಕಿನ ಕೌಂಟರಿನಲ್ಲಿ ನಿಂತು ಮಗುವಿನ ಜೊತೆ ಜಗಳ ಆಡುವುದಕ್ಕಿಂತ ಈ ಏಳು ಹೊತ್ತನ್ನು ಚೆನ್ನಾಗಿ ನೋಡಿಕೊಂಡರೆ ಸಾಕು. ನನ್ನ ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ.

ಒಂದು ಹಾಳೆಯಲ್ಲಿ ಒಂಬತ್ತು ಸಾಲು ಹಾಕಿ. ಆ ಹೊತ್ತಿಗೆ ಎಲ್ಲಿರುತ್ತೀರಿ ಅಂತ ಬರೆಯಿರಿ. ಏನು ತಿನ್ನುವುದು ಅನ್ನುವುದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ, ಬದಲಾಗುತ್ತದೆ. ಆಮೇಲೆ ಪ್ರತಿ ದಿನವನ್ನೂ ನಾಲ್ಕು ಪ್ರಶ್ನೆ ಇಟ್ಟು ನೋಡಿ. ಬೇಳೆ, ಕಾಳು ಅಥವಾ ಮೊಟ್ಟೆ ಬಂತಾ? ಸೊಪ್ಪು ತರಕಾರಿ ಬಂತಾ? ಎರಡು ಸಲ ಹಣ್ಣು ಬಂತಾ? ಮೊಸರು ಇಲ್ಲ ಮಜ್ಜಿಗೆ ಬಂತಾ?

ಇನ್ನೊಂದು ವಿಷಯ ಇದೆ, ಇದು ತುಂಬ ಜನರ ಕಣ್ಣಿಗೆ ಬೀಳುವುದಿಲ್ಲ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಪಲಾವ್, ಸಂಜೆ ಚುರುಮುರಿ, ರಾತ್ರಿ ಮಸಾಲೆ ದೋಸೆ. ನಾಲ್ಕು ಬೇರೆ ಬೇರೆ ತಿಂಡಿ ತಿಂದ ಹಾಗೆ ಕಾಣುತ್ತೆ, ಅಲ್ವಾ? ನಾಲ್ಕೂ ಅಕ್ಕಿಯೇ. ಹೋಟೆಲ್ ಊಟದಲ್ಲಿ ಹೆಸರು ಬದಲಾಗುತ್ತದೆ, ಧಾನ್ಯ ಬದಲಾಗುವುದಿಲ್ಲ. ಹಾಗಾಗಿ ದಿನಕ್ಕೆ ಒಂದು ಹೊತ್ತಾದರೂ ಅಕ್ಕಿ ಬಿಟ್ಟು ರಾಗಿ ಇಲ್ಲ ಗೋಧಿ ಇರಲಿ ಅಂತ ನೋಡಿಕೊಳ್ಳಿ. ಮೈಸೂರು, ಮಂಡ್ಯದ ಕಡೆ ರಾಗಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ.

ಹೆಜ್ಜೆ 2: ಟಿಕೆಟ್ ತೆಗೆಯುವ ಮುಂಚೆ ಪಾರ್ಕಿಗೆ ಫೋನ್ ಮಾಡಿ

ಮೈಸೂರಿನಲ್ಲಿ ಮಕ್ಕಳು ಕೇಳುವುದು ಮೇಟಗಳ್ಳಿಯ ಹತ್ತಿರ ಕೆಆರ್‌ಎಸ್ ರಸ್ತೆಯಲ್ಲಿರುವ ಜಿಆರ್‌ಎಸ್ ಫ್ಯಾಂಟಸಿ ಪಾರ್ಕನ್ನು. ಬೆಂಗಳೂರಿನ ಕಡೆಯಿಂದ ಬರುವವರು ಕೆಲವರು ಬಿಡದಿ ಹತ್ತಿರದ ವಂಡರ್‌ಲಾ ಮುಗಿಸಿಕೊಂಡೇ ಬರುತ್ತಾರೆ. ಯಾವುದೇ ಪಾರ್ಕ್ ಇರಲಿ, ಇಂಥ ಕಡೆ ಹೊರಗಿನ ಊಟ ಒಳಗೆ ಬಿಡದಿರುವುದೇ ಜಾಸ್ತಿ. ನಿಯಮ ಆಗಾಗ ಬದಲಾಗುತ್ತದೆ, ಹಾಗಾಗಿ ಹೋದ ವರ್ಷ ಹೋಗಿಬಂದವರ ಮಾತು ನಂಬಿ ಹೋಗಬೇಡಿ.

ಫೋನಿನಲ್ಲಿ ಇಷ್ಟು ಕೇಳಿ. ಚಿಕ್ಕ ಮಗುವಿನ ಊಟ, ಹಾಲು ಒಳಗೆ ಬಿಡುತ್ತೀರಾ? ಅಲರ್ಜಿ ಇರುವ ಮಗುವಿಗೆ ಡಬ್ಬಿ ತರಬಹುದಾ? ಕುಡಿಯುವ ನೀರು ತುಂಬಿಸಿಕೊಳ್ಳುವ ಜಾಗ ಇದೆಯಾ? ಊಟಕ್ಕೆ ಹೊರಗೆ ಹೋಗಿ ಅದೇ ಟಿಕೆಟ್‌ನಲ್ಲಿ ವಾಪಸ್ ಬರಬಹುದಾ? ಕೊನೆಯ ಪ್ರಶ್ನೆಗೆ "ಆಗಲ್ಲ" ಅಂದರೆ ಡಬ್ಬಿಯನ್ನು ಕಾರಿನಲ್ಲಿಟ್ಟು ಮಧ್ಯಾಹ್ನ ಬಂದು ತಿನ್ನುವ ಯೋಚನೆ ಬಿಟ್ಟುಬಿಡಿ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರು ಒಲೆಯ ಹಾಗೆ ಕಾಯುತ್ತದೆ. ಅದರಲ್ಲಿಟ್ಟ ಅನ್ನ ಮಕ್ಕಳಿಗೆ ಬೇಡ.

ಹೆಜ್ಜೆ 3: ಬರುವ ದಾರಿಯ ಊಟ

ಬೆಂಗಳೂರಿನಿಂದ ಬರುವವರಿಗೆ ಮಾತ್ರ ಈ ಮಾತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ರಸ್ತೆ ರಾಮನಗರ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಬೇಗ ಬರುತ್ತೀರಿ, ನಿಜ. ಆದರೆ ಹಳೇ ರಸ್ತೆಯಲ್ಲಿ ಕಣ್ಣೆದುರೇ ಸಿಗುತ್ತಿದ್ದ ಹೋಟೆಲುಗಳು ಈಗ ಸರ್ವಿಸ್ ರಸ್ತೆಗೆ ಇಳಿದರೆ ಮಾತ್ರ ಸಿಗುತ್ತವೆ. ಎಲ್ಲಿ ಇಳಿಯುವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಇಲ್ಲದಿದ್ದರೆ ಹಿಂದಿನ ಸೀಟಿನಲ್ಲಿ ಎರಡು ಚಿಪ್ಸ್ ಪ್ಯಾಕೆಟ್ ಖಾಲಿಯಾಗಿರುತ್ತದೆ.

ಬಿಡದಿಯಲ್ಲಿ ಇಳಿದರೆ ತಟ್ಟೆ ಇಡ್ಲಿ. ಹಬೆಯಲ್ಲಿ ಬೆಂದದ್ದು, ಮೆತ್ತಗಿರುತ್ತದೆ, ಚಿಕ್ಕ ಮಕ್ಕಳಿಗೆ ಒಂದು ತಟ್ಟೆ ಇಡ್ಲಿ ಹೊಟ್ಟೆ ತುಂಬ ಆಗುತ್ತದೆ. ಮದ್ದೂರಿನಲ್ಲಿ ಇಳಿದರೆ ಎಲ್ಲರಿಗೂ ವಡೆಯೇ ನೆನಪಾಗುತ್ತದೆ. ತಿನ್ನಲಿ, ಮದ್ದೂರು ದಾಟಿ ವಡೆ ತಿನ್ನದೆ ಬಂದರೆ ಹೇಗೆ! ಆದರೆ ಅದು ಕರಿದ ತಿಂಡಿ, ಅದನ್ನೇ ಊಟ ಮಾಡಬೇಡಿ. ಒಂದು ವಡೆಯನ್ನು ಇಬ್ಬರು ಮಕ್ಕಳಿಗೆ ಮುರಿದು ಕೊಡಿ, ಜೊತೆಗೆ ಒಬ್ಬೊಬ್ಬರಿಗೆ ಒಂದು ಎಳನೀರು. ಮದ್ದೂರಿನ ಎಳನೀರು ಮಾರುಕಟ್ಟೆ ತುಂಬ ದೊಡ್ಡದು. "ತೆಳು ಗಂಜಿ ಇರೋದು ಕೊಡಪ್ಪಾ" ಅಂತ ಕೇಳಿ. ನೀರು ಕುಡಿದ ಮೇಲೆ ಕಾಯಿ ಒಡೆಸಿ, ಸಿಪ್ಪೆಯ ಚಮಚದಲ್ಲೇ ಗಂಜಿ ಕೆರೆದು ತಿನ್ನುವುದು ಮಕ್ಕಳಿಗೆ ಯಾವ ಆಟಕ್ಕೂ ಕಡಿಮೆ ಇಲ್ಲ.

ಹೆಜ್ಜೆ 4: ಬಂದ ದಿನ ಸಂಜೆ ದೇವರಾಜ ಮಾರುಕಟ್ಟೆ

ಭಾನುವಾರ ಅಥವಾ ಸರ್ಕಾರಿ ರಜೆ ಇದ್ದರೆ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುತ್ತದೆ. ಅದಕ್ಕೆ ಒಂದೂವರೆ ಗಂಟೆ ಮೊದಲು ಮಕ್ಕಳನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಒಬ್ಬೊಬ್ಬರ ಕೈಗೂ ನೂರು ರೂಪಾಯಿ ಕೊಡಿ. ನಿಯಮ ಒಂದೇ: ಮೂರು ದಿನಕ್ಕೆ ಬೇಕಾದ ಹಣ್ಣು ನೀವೇ ಆರಿಸಬೇಕು.

ನಮ್ಮ ಭಾವನ ಮಗ ಮನೆಯಲ್ಲಿ ಬಾಳೆಹಣ್ಣು ಮುಟ್ಟುವವನೇ ಅಲ್ಲ. ಬಾಳೆಹಣ್ಣಿನ ಸಾಲಿನಲ್ಲಿ ಪಚ್ಚಬಾಳೆ, ಏಲಕ್ಕಿ, ಚಂದ್ರಬಾಳೆ ಎಲ್ಲ ನೇತುಹಾಕಿದ್ದರು. ಒಂದು ಮೂಲೆಯಲ್ಲಿ ಸಣ್ಣ ಚಿಪ್ಪು ರಸಬಾಳೆ. "ಇದ್ಯಾಕೆ ಇಷ್ಟು ದುಡ್ಡು?" ಅಂತ ಕೇಳಿದ. ಅಂಗಡಿಯವರು ಒಂದು ಹಣ್ಣು ಕಿತ್ತು ಅವನ ಮೂಗಿನ ಹತ್ತಿರ ಹಿಡಿದರು. ನಂಜನಗೂಡಿನ ಮಣ್ಣಿನ ಹಣ್ಣು ಕಂದ, ರೋಗ ಬಂದು ಬೆಳೆಯೋರೇ ಕಮ್ಮಿ ಆಗಿಬಿಟ್ರು ಅಂದರು. ಸಿಪ್ಪೆ ಸುಲಿದರೆ ಬೆಣ್ಣೆಯ ಬಣ್ಣ, ಘಮ್ಮಂತ ವಾಸನೆ. ಅವನು ಅಲ್ಲೇ ನಿಂತು ಎರಡು ತಿಂದ. ತಾನೇ ದುಡ್ಡು ಕೊಟ್ಟು ತಂದ ಹಣ್ಣು ಅಂದರೆ ಮಕ್ಕಳು ಯಾಕೆ ತಿನ್ನಲ್ಲ!

ಪ್ರಯಾಣಕ್ಕೆ ಸಿಪ್ಪೆ ಇರುವ ಹಣ್ಣೇ ಒಳ್ಳೆಯದು. ಬಾಳೆ, ಕಿತ್ತಳೆ, ಮೂಸಂಬಿಯನ್ನು ತೊಳೆಯುವ ಚಿಂತೆ ಇಲ್ಲ. ಸೀಬೆ, ಸಪೋಟಾ ಆದರೆ ರೂಮಿನಲ್ಲೇ ಚೆನ್ನಾಗಿ ತೊಳೆದು ಒರೆಸಿ ಇಟ್ಟುಕೊಳ್ಳಿ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಎಷ್ಟೋ ಜಾಸ್ತಿ ವಿಟಮಿನ್ ಸಿ ಇದೆ. ಮೇ ತಿಂಗಳಲ್ಲಿ ಬಂದರೆ ಬಾದಾಮಿ, ರಸಪುರಿ ಮಾವು ಸಿಗುತ್ತದೆ. ಅದನ್ನು ರೂಮಿನಲ್ಲಿ ತಿನ್ನಿ, ಬ್ಯಾಗಿನಲ್ಲಿ ಒಯ್ಯಬೇಡಿ. ರಸ್ತೆ ಬದಿಯಲ್ಲಿ ಕತ್ತರಿಸಿ ಇಟ್ಟ ಹಣ್ಣು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಐದು ವರ್ಷದೊಳಗಿನ ಮಕ್ಕಳಿದ್ದರೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಇಡೀ ಕಡಲೆಕಾಯಿ ಬೀಜ, ಗೋಡಂಬಿ ಕೊಡಬೇಡಿ, ಓಡಾಡುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಲ್ಲಿಂದ ಬರುವಾಗ ದಿನಸಿ ಅಂಗಡಿಯಲ್ಲಿ ಒಂದು ಪೊಟ್ಟಣ ರಾಗಿ ಹುರಿಹಿಟ್ಟು ತೆಗೆದುಕೊಳ್ಳಿ. ಅರಳು ಬರುವ ಹಾಗೆ ಹುರಿದು ಬೀಸಿದ ಹಿಟ್ಟು ಅದು, ಮತ್ತೆ ಬೇಯಿಸಬೇಕಾಗಿಲ್ಲ. ಲಾಡ್ಜಿನಲ್ಲಿ ಒಲೆ ಇಲ್ಲದವರಿಗೆ ಇಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ನಾಲ್ಕು ಚಮಚ ಹಿಟ್ಟು, ಸ್ವಲ್ಪ ಬೆಲ್ಲದ ಪುಡಿ, ಬಿಸಿ ಹಾಲು, ಒಂದು ಏಲಕ್ಕಿ ಬಾಳೆಹಣ್ಣು ಕಿವುಚಿ ಕಲಸಿದರೆ ಎರಡು ನಿಮಿಷದಲ್ಲಿ ಮಗುವಿನ ತಿಂಡಿ ಆಯಿತು.

ಹೆಜ್ಜೆ 5: ಪಾರ್ಕಿನ ದಿನದ ಬೆಳಗಿನ ತಿಂಡಿ

ಒಂಬತ್ತು ಹೊತ್ತಿನಲ್ಲಿ ಯಾವುದು ಮುಖ್ಯ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬೆಳಗ್ಗೆ ಗಟ್ಟಿಯಾಗಿ ತಿಂದ ಮಗು ಮಧ್ಯಾಹ್ನ ಕೌಂಟರಿನ ಮುಂದೆ ಸಮಾಧಾನದಿಂದ ನಿಲ್ಲುತ್ತದೆ. ಹಸಿದ ಮಗುವಿಗೆ ಕಾಣಿಸುವುದು ಬಣ್ಣ ಮಾತ್ರ.

ಆದರೆ ಸಂಭ್ರಮದಲ್ಲಿರುವ ಮಕ್ಕಳು ಬೆಳಗ್ಗೆ ತಿನ್ನುವುದಿಲ್ಲ. ಅದಕ್ಕೆ ನಾನು ಮಾಡುವುದು ಹೀಗೆ. ಎದ್ದ ಕೂಡಲೇ ತಿಂಡಿ ಮುಂದಿಡುವುದಿಲ್ಲ. ಮೊದಲು ಅರ್ಧ ಲೋಟ ಹಾಲು ಅಥವಾ ತೆಳ್ಳಗಿನ ಹುರಿಹಿಟ್ಟು. ಸ್ನಾನ, ಬಟ್ಟೆ, ಚೀಲ ತುಂಬುವುದು ಎಲ್ಲ ಆಗಲಿ. ಗಂಟೆ ಕಳೆದ ಮೇಲೆ, ಹೊರಡಲು ಚಪ್ಪಲಿ ಹಾಕುವ ಮುಂಚೆ, ನಿಜವಾದ ತಿಂಡಿ. ಎಂಟೂವರೆಗೆ ತಿಂದರೆ ಪಾರ್ಕ್ ಒಳಗೆ ಹೋಗಿ ಮೊದಲ ಆಟ ಆಡುವ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತದೆ.

ಏನು ಕೊಡುವುದು? ಹೋಟೆಲಿನಲ್ಲಿದ್ದರೆ ಇಡ್ಲಿ, ಸಾಂಬಾರು ಜಾಸ್ತಿ, ಚಟ್ನಿ ಕಡಿಮೆ. ಸಾಂಬಾರಿನ ಬೇಳೆ, ತರಕಾರಿ ತಟ್ಟೆಗೆ ಬರುವ ಹಾಗೆ "ತಳದಿಂದ ಹಾಕಿ" ಅಂತ ಕೇಳಿ, ಹಾಕುತ್ತಾರೆ. ನಜರಬಾದಿನ ಮೈಲಾರಿ ದೋಸೆ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಗರಿಗರಿ ಅಲ್ಲ, ಹತ್ತಿಯ ಹಾಗೆ ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ. ಆದರೆ ರಜೆಯ ದಿನ ಕಾಯಬೇಕಾಗುತ್ತದೆ. ಅದನ್ನು ಪಾರ್ಕಿನ ದಿನ ಇಟ್ಟುಕೊಳ್ಳಬೇಡಿ, ಮೃಗಾಲಯದ ದಿನಕ್ಕೆ ಇಟ್ಟುಕೊಳ್ಳಿ, ಎರಡೂ ಒಂದೇ ಕಡೆಗೆ ಬರುತ್ತವೆ. ಅಕ್ಕಿ ರೊಟ್ಟಿ, ತರಕಾರಿ ಹಾಕಿದ ಶಾವಿಗೆ ಬಾತ್, ಖಾರಾಬಾತ್ ಒಳ್ಳೆಯದು. ಪೂರಿ, ಬೋಂಡ, ಎಣ್ಣೆ ಸುರಿಯುವ ಮಸಾಲೆ ದೋಸೆ ಈ ದಿನ ಬೇಡ. ಎಣ್ಣೆ ಜಾಸ್ತಿ ಇದ್ದರೆ ಜೀರ್ಣ ಆಗಲು ತುಂಬ ಹೊತ್ತು ಬೇಕು. ತಿರುಗುವ ಆಟದಲ್ಲಿ ಅದೇ ಮೇಲೆ ಬರುವುದು.

ಹೆಜ್ಜೆ 6: ಡಬ್ಬಿ ಕಟ್ಟುವುದಾದರೆ

ಪಾರ್ಕಿನವರು ಬಿಟ್ಟರೆ, ಅಥವಾ ಮಗು ಚಿಕ್ಕದಾಗಿದ್ದರೆ, ನಾನು ಕಟ್ಟುವುದು ಮೊಸರನ್ನ. ಬೆಳಗ್ಗೆ ಮೊಸರು ಹಾಕಿ ಕಲಸಿದರೆ ಹನ್ನೆರಡಕ್ಕೆ ಹುಳಿ ಬಂದು ಮಕ್ಕಳು ಮುಖ ಸಿಂಡರಿಸುತ್ತಾರೆ. ಅದಕ್ಕೊಂದು ಹಳೇ ಉಪಾಯ ಇದೆ.

ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಹಾಕಿ ಮುದ್ದೆಯಾಗುವ ಹಾಗೆ ಅನ್ನ ಮಾಡಿ. ಬಿಸಿ ಇರುವಾಗಲೇ ಸೌಟಿನ ಹಿಂಭಾಗದಿಂದ ಚೆನ್ನಾಗಿ ಮಸೆಯಿರಿ. ಉಗುರು ಬೆಚ್ಚಗಾದ ಮೇಲೆ ಕಾಯಿಸಿದ ಹಾಲು ಒಂದೂವರೆ ಲೋಟ ಹಾಕಿ ಕಲಸಿ. ಕೈಗೆ ತೀರ ನೀರು ನೀರು ಅನ್ನಿಸಬೇಕು, ಹೆದರಬೇಡಿ, ಆಮೇಲೆ ಎಳೆದುಕೊಳ್ಳುತ್ತದೆ. ಮೊಸರು ಎರಡೇ ಚಮಚ. ಉಪ್ಪು, ತುರಿದ ಕ್ಯಾರೆಟ್, ಸಾಸಿವೆ ಕರಿಬೇವಿನ ಒಗ್ಗರಣೆ, ಇಷ್ಟ ಇದ್ದರೆ ಚೂರು ಶುಂಠಿ. ಹಸಿಮೆಣಸಿನಕಾಯಿ ಬೇಡ. ಏಳಕ್ಕೆ ಕಲಸಿ ಸ್ಟೀಲ್ ಡಬ್ಬಿಗೆ ಹಾಕಿದರೆ ಹನ್ನೊಂದೂವರೆಗೂ ಹುಳಿ ಬಂದಿರುವುದಿಲ್ಲ. ದಾಳಿಂಬೆ ಕಾಳು ಬೇರೆ ಡಬ್ಬಿಯಲ್ಲಿ ಒಯ್ದು ತಿನ್ನುವಾಗ ಮೇಲೆ ಉದುರಿಸಿ. ಹನ್ನೆರಡರ ಒಳಗೆ ಡಬ್ಬಿ ಖಾಲಿ ಮಾಡಿ, ಸಂಜೆಗೆ ಉಳಿಸಬೇಡಿ.

ಡಬ್ಬಿಯ ಪಕ್ಕದಲ್ಲಿ ಒಂದು ನೀರಿನ ಬಾಟಲಿ ಇಡಿ, ಆದರೆ ಹಿಂದಿನ ರಾತ್ರಿ ಅದನ್ನು ಮುಕ್ಕಾಲು ತುಂಬಿಸಿ ಫ್ರೀಜರಿನಲ್ಲಿಟ್ಟಿರಬೇಕು. ಮಧ್ಯಾಹ್ನದ ತನಕ ಡಬ್ಬಿ ತಂಪಾಗಿರುತ್ತದೆ, ಆಮೇಲೆ ಕುಡಿಯಲು ತಣ್ಣನೆ ನೀರು.

ಅಡುಗೆ ಮಾಡುವ ಅನುಕೂಲ ಇಲ್ಲದವರು ಬೆಳಗ್ಗೆ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ತುಪ್ಪ, ಚಟ್ನಿಪುಡಿ ಸವರಿ ಒಯ್ಯಿರಿ. ಹಾಲು ಹಾಕಿ ಕಲಸಿದ ಹಿಟ್ಟಿನ ಚಪಾತಿಯೂ ಮೆತ್ತಗೇ ಇರುತ್ತದೆ. ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ, ಪನೀರ್, ಬೇಯಿಸಿದ ಮೊಟ್ಟೆ ಮಾತ್ರ ಬಿಸಿಲಿಗೆ ತಡೆಯುವುದಿಲ್ಲ. ಹೊರಗೆ ಎರಡು ಗಂಟೆ ದಾಟಿದರೆ ಮಕ್ಕಳಿಗೆ ಕೊಡಬೇಡಿ.

ಹೆಜ್ಜೆ 7: ಪಾರ್ಕಿನ ಒಳಗಿನ ಆ ಒಂದು ಊಟ

ಗಡಿಯಾರ ನೋಡಿ ಊಟ ಮಾಡಿ, ಹಸಿವು ನೋಡಿ ಅಲ್ಲ. ಎಲ್ಲರೂ ಒಂದರಿಂದ ಎರಡೂವರೆ ತನಕ ಊಟದ ಸಾಲಿನಲ್ಲಿರುತ್ತಾರೆ. ನೀವು ಹನ್ನೆರಡಕ್ಕೇ ಹೋಗಿ. ಅನ್ನ ಬಿಸಿಯಾಗಿರುತ್ತದೆ, ಎಣ್ಣೆ ಇನ್ನೂ ಹೊಸದಾಗಿರುತ್ತದೆ, ಕೂರಲು ಕುರ್ಚಿ ಸಿಗುತ್ತದೆ. ಆಮೇಲೆ ಎಲ್ಲರೂ ಊಟಕ್ಕೆ ಹೋದಾಗ ಆಟಗಳ ಮುಂದಿನ ಸಾಲು ಚಿಕ್ಕದಾಗಿರುತ್ತದೆ, ಇದು ಮಕ್ಕಳಿಗೆ ತುಂಬ ಇಷ್ಟವಾಗುವ ಲಾಭ.

ಕೌಂಟರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಒಬ್ಬ ದೊಡ್ಡವರು ಎಲ್ಲ ಅಂಗಡಿ ಸುತ್ತಿ ನೋಡಿ ಬನ್ನಿ. ಅನ್ನ ಸಾಂಬಾರು, ಚಪಾತಿ ಪಲ್ಯ, ಇಡ್ಲಿ, ತರಕಾರಿ ಪಲಾವ್ ಇವುಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರಲ್ಲಿ ಎರಡು ಆರಿಸಿಕೊಂಡು ಬಂದು ಮಕ್ಕಳನ್ನು ಕೇಳಿ: "ಚಪಾತಿನಾ, ಪಲಾವಾ?" ಇಪ್ಪತ್ತು ಬಣ್ಣದ ಚಿತ್ರದ ಮುಂದೆ ನಿಲ್ಲಿಸಿ "ಏನು ಬೇಕು?" ಅಂತ ಕೇಳಿದರೆ ಉತ್ತರ ಏನು ಬರುತ್ತೆ ಅಂತ ನಮಗೆಲ್ಲ ಗೊತ್ತು. ಪಲಾವ್ ಆದರೆ ಜೊತೆಗೆ ಒಂದು ಕಪ್ ಮೊಸರು ಬೇರೆಯಾಗಿ ಕೊಳ್ಳಿ. ದೊಡ್ಡವರ ಒಂದು ಪ್ಲೇಟು ಇಬ್ಬರು ಚಿಕ್ಕ ಮಕ್ಕಳಿಗೆ ಸಾಕಾಗುತ್ತದೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಪರೀಕ್ಷೆ ಮಾಡಿಸಿದ ಮಾದರಿಗಳಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೆ ಬಣ್ಣ ಹಾಕುವುದನ್ನೂ ನಿಲ್ಲಿಸಿದರು. ದ್ರವ ಸಾರಜನಕ ಹಾಕಿ ಬಾಯಲ್ಲಿ ಹೊಗೆ ಬರಿಸುವ ಬಿಸ್ಕತ್ತಿಗೂ ಆ ಹೊತ್ತಿಗೇ ನಿಷೇಧ ಬಂತು. ಆದ್ದರಿಂದ ಪಾರ್ಕ್ ಇರಲಿ, ದಸರಾ ವಸ್ತುಪ್ರದರ್ಶನ ಇರಲಿ, ಕಣ್ಣು ಕುಕ್ಕುವ ಕೆಂಪು, ಗುಲಾಬಿ ಕಂಡರೆ ಮುಂದೆ ನಡೆಯಿರಿ. ಬಿಳಿ ಬೊಂಬಾಯಿ ಮಿಠಾಯಿ ಸಕ್ಕರೆ ಮಾತ್ರ, ಒಂದು ಸಲ ಪರವಾಗಿಲ್ಲ.

ಎಲ್ಲಕ್ಕೂ ಬೇಡ ಬೇಡ ಅನ್ನುವುದೂ ಸರಿಯಲ್ಲ, ರಜೆ ಅದು. ನಮ್ಮಲ್ಲಿ ದಿನಕ್ಕೊಂದು "ಇಷ್ಟದ್ದು" ಇದೆ. ಐಸ್‌ಕ್ರೀಮ್ ಇರಲಿ, ಆಲೂಗಡ್ಡೆ ಫ್ರೈ ಇರಲಿ, ಮಗುವೇ ಆರಿಸುತ್ತದೆ, ನಾವು ಮಾತಾಡುವುದಿಲ್ಲ. ಊಟ ಆದ ಮೇಲೆ ಮಾತ್ರ. ಬೆಳಗ್ಗೆಯಿಂದ ಅದನ್ನೇ ಯೋಚನೆ ಮಾಡಿ ಆರಿಸುವುದರಿಂದ ಉಳಿದ ಅಂಗಡಿಗಳ ಮುಂದೆ ಹಠ ಕಮ್ಮಿಯಾಗುತ್ತದೆ.

ಊಟದ ನಂತರ ಮುಕ್ಕಾಲು ಗಂಟೆ ತಿರುಗುವ, ತೂಗುವ ಆಟ ಬೇಡ. ನೆರಳಿನಲ್ಲಿ ಕುಳಿತಿರಲಿ, ಇಲ್ಲ ನಿಧಾನದ ಪುಟಾಣಿ ರೈಲು.

ಹೆಜ್ಜೆ 8: ನೀರಲ್ಲಿದ್ದರೂ ನೀರು ಕುಡಿಸಿ

ದಿನವೆಲ್ಲ ನೀರಿನಲ್ಲಿರುವ ಮಗುವಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ಬಿಸಿಲು ಮಾತ್ರ ತಲೆಯ ಮೇಲೆ ಇರುತ್ತದೆ. ಅರ್ಧ ಗಂಟೆಗೊಮ್ಮೆ ಕರೆದು ನಾಲ್ಕು ಗುಟುಕು ಕುಡಿಸಿ. ಮೂತ್ರ ಗಾಢ ಹಳದಿ ಆಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ.

ನೀರಿನ ಜೊತೆಗೆ ಮಜ್ಜಿಗೆ ಒಳ್ಳೆಯದು. ನಂದಿನಿ ಮಜ್ಜಿಗೆ ಪ್ಯಾಕೆಟ್ ಊರಲ್ಲಿ ಎಲ್ಲ ಕಡೆ ಸಿಗುತ್ತದೆ. ಉಪ್ಪೂ ಇದೆ, ನೀರೂ ಇದೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 32 ಗ್ರಾಂ, ಅಂದರೆ ಎಂಟು ಟೀ ಚಮಚ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯನ್ನು ಏಳು ವರ್ಷದ ಮಗುವಿಗೆ ಲೆಕ್ಕ ಹಾಕಿದರೆ ಇಡೀ ದಿನಕ್ಕೆ ಹತ್ತಿರ ಹತ್ತಿರ 40 ಗ್ರಾಂ ಬರುತ್ತದೆ. ಒಂದು ಬಾಟಲಿಯಲ್ಲೇ ಮುಕ್ಕಾಲು ಮುಗಿಯಿತು. ಹೊರಗಿನ ಕಬ್ಬಿನ ಹಾಲು ಮಂಡ್ಯ ಸೀಮೆಯ ಹೆಮ್ಮೆ, ಅದನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಕಬ್ಬು ಕಣ್ಣೆದುರೇ ತೊಳೆದು ಅರೆಯಲಿ, ಐಸ್ ಹಾಕುವುದು ಬೇಡ, ಒಂದು ಲೋಟ ಇಬ್ಬರಿಗೆ.

ಚೀಲದಲ್ಲಿ ಎರಡು ಓಆರ್‌ಎಸ್ ಪುಡಿ ಪೊಟ್ಟಣ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರುವುದನ್ನೇ ಕೊಳ್ಳಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಅದಕ್ಕಿಂತ ಗಟ್ಟಿಯಾಗಿ ಕಲಸಬೇಡಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಮಗು ಮಂಕಾದರೆ, ಕುಡಿದದ್ದೆಲ್ಲ ವಾಂತಿ ಆದರೆ, ಮೂತ್ರ ನಿಂತರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 9: ನಾಲ್ಕು ಗಂಟೆಯ ಹಸಿವು

ನೀರಿನಿಂದ ಹೊರಗೆ ಬಂದ ಮಕ್ಕಳಿಗೆ ಸಿಗುವ ಹಸಿವೇ ಬೇರೆ. ಕೈ ಬೆರಳು ಸುಕ್ಕಾಗಿರುತ್ತದೆ, ತುಟಿ ನೀಲಿ, ಹಲ್ಲು ಕಟಕಟ. ಕಾರಿಗೆ ಬಂದ ಕೂಡಲೇ ಕೈಗೆ ಏನಾದರೂ ಸಿಗಬೇಕು. ಕಡಲೆಪುರಿ, ಹುರಿಗಡಲೆ, ಕಡಲೆಕಾಯಿ ಚಿಕ್ಕಿ ಕಾರಿನಲ್ಲೇ ಇಟ್ಟಿರಿ. ಇವು ಕಾರಿನ ಕಾವಿಗೆ ಕೆಡುವುದಿಲ್ಲ. ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದರೆ ಬೆಲ್ಲ ಹಾಕಿ ಹುರಿಹಿಟ್ಟು ಕಲಸಿ ಕೊಡಿ, ಮೈ ಬೆಚ್ಚಗಾಗುತ್ತದೆ.

ಕೆಆರ್‌ಎಸ್ ರಸ್ತೆಯಲ್ಲಿ ಊರಿನ ಕಡೆ ವಾಪಸ್ ಬರುವಾಗ ಮಕ್ಕಳಿಗೆ ಸಿಎಫ್‌ಟಿಆರ್‌ಐ ತೋರಿಸಿ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾದ ಆಹಾರ ಸಂಶೋಧನಾಲಯ ಅದು. ಎಮ್ಮೆ ಹಾಲಿನಿಂದ ಎಳೆ ಮಕ್ಕಳ ಹಾಲಿನ ಪುಡಿ ಮಾಡುವ ವಿಧಾನ ಹುಟ್ಟಿದ್ದು ಅಲ್ಲೇ.

ಹೆಜ್ಜೆ 10: ರಾತ್ರಿಗೆ ಮುದ್ದೆ

ಪಾರ್ಕಿನ ದಿನ ರಾತ್ರಿ ಮಕ್ಕಳು ತಟ್ಟೆಯ ಮುಂದೆಯೇ ತೂಕಡಿಸುತ್ತಾರೆ. ಏಳೂವರೆಗೆ ಊಟ ಹಾಕಿ. ದೊಡ್ಡ ರೆಸ್ಟೋರೆಂಟಿನಲ್ಲಿ ಆರ್ಡರ್ ಕೊಟ್ಟು ನಲವತ್ತು ನಿಮಿಷ ಕಾಯುವುದು ಬೇಡ. ಬಡಾವಣೆಗಳಲ್ಲಿರುವ ಮೆಸ್, ಮುದ್ದೆ ಊಟದ ಹೋಟೆಲ್ ಹುಡುಕಿ. ಕೂತ ತಕ್ಷಣ ಊಟ ಬರುತ್ತದೆ. ರಾತ್ರಿ ಮುದ್ದೆ ಇರುತ್ತದಾ ಅಂತ ಮಧ್ಯಾಹ್ನವೇ ಫೋನ್ ಮಾಡಿ ಕೇಳಿಕೊಳ್ಳಿ.

ಮುದ್ದೆ ಅಭ್ಯಾಸ ಇಲ್ಲದ ಮಕ್ಕಳಿಗೆ ಪೂರ್ತಿ ಮುದ್ದೆ ಇಟ್ಟರೆ ಹೆದರುತ್ತಾರೆ. ನಿಂಬೆಹಣ್ಣಿನಷ್ಟು ಮುರಿದು ತಟ್ಟೆಗೆ ಹಾಕಿ. ಅದರಿಂದ ಬಟಾಣಿ ಕಾಳಿನಷ್ಟು ಚಿವುಟಿ, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ನೀವೇ ತೋರಿಸಿ. ಎರಡು ಮೂರು ವರ್ಷದವರಿಗೆ ಸಾರಿನಲ್ಲಿ ಕಿವುಚಿ, ತುಪ್ಪ ಹಾಕಿ ತಿನ್ನಿಸಿ. ಬಸ್ಸಾರು ಸಿಕ್ಕಿದರೆ ತುಂಬ ಒಳ್ಳೆಯದು. ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದು ಪಾತ್ರೆಯಿಂದ ಎರಡು ಅಡುಗೆ. ರಾಗಿ, ಬೇಳೆ, ಸೊಪ್ಪು ಮೂರೂ ಒಂದೇ ತಟ್ಟೆಗೆ ಬಂದವು. ಸಾರು ಖಾರ ಇದ್ದರೆ ಮಸ್ಸೊಪ್ಪು ಕೇಳಿ, ಇಲ್ಲದಿದ್ದರೆ ಸಾರಿಗೆ ಮಜ್ಜಿಗೆ ಬೆರೆಸಿಕೊಡಿ.

ಹೆಜ್ಜೆ 11: ಮೃಗಾಲಯ, ಬೆಟ್ಟ, ಕೆಆರ್‌ಎಸ್

1892ರಲ್ಲಿ ಶುರುವಾದ ಮೃಗಾಲಯಕ್ಕೆ ಮಂಗಳವಾರ ರಜೆ. ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ, ಹಾಗಾಗಿ ಸ್ಟೀಲ್ ಬಾಟಲಿ ಒಯ್ಯಿರಿ. ನಡೆಯುವುದು ತುಂಬ ಇದೆ. ಬೆಳಗ್ಗೆ ಬೇಗ ತಿಂಡಿ ಮುಗಿಸಿ ಒಳಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ಹೊರಗೆ ಬಂದುಬಿಡಿ.

ಚಾಮುಂಡಿ ಬೆಟ್ಟದಲ್ಲಿ ಕೋತಿಗಳಿವೆ. ಕೈಯಲ್ಲಿ ಬಾಳೆಹಣ್ಣು ಹಿಡಿದು ಮಕ್ಕಳನ್ನು ಇಳಿಸಬೇಡಿ. ಮಧ್ಯಾಹ್ನ ಅಲ್ಲೇ ಇದ್ದರೆ ದೇವಸ್ಥಾನದ ದಾಸೋಹದಲ್ಲಿ ಬಿಸಿ ಅನ್ನ ಸಾರು ಸಿಗುತ್ತದೆ. ಸಾಲಾಗಿ ಕೂತು ಉಣ್ಣುವುದು ಮಕ್ಕಳಿಗೆ ಹೊಸದು, ಬೇಡ ಅನ್ನುವವರೂ ಅಲ್ಲಿ ಪಕ್ಕದವರನ್ನು ನೋಡಿ ತಿನ್ನುತ್ತಾರೆ.

ಕೆಆರ್‌ಎಸ್ ಕಡೆ ಮೀನು ಕರಿದು ಮಾರುತ್ತಾರೆ. ಮೀನು ತಿನ್ನುವ ಮನೆಯವರಾದರೆ ಮಕ್ಕಳಿಗೂ ಒಳ್ಳೆಯದೇ, ಆದರೆ ಮೂರು ವಿಷಯ ನೋಡಿ: ಎಣ್ಣೆ ಕಪ್ಪಾಗಿರಬಾರದು, ನಿಮ್ಮೆದುರೇ ಕರಿಯಬೇಕು, ಮಸಾಲೆ ಕೆಂಪು ಬಣ್ಣದ್ದಾಗಿರಬಾರದು. ಮುಳ್ಳು ನೀವೇ ಬಿಡಿಸಿ ಕೊಡಿ.

ಅಲರ್ಜಿ ಇರುವ ಮಗು ಜೊತೆಗಿದ್ದರೆ

ನಮ್ಮ ಕಡೆಯ ಅಡುಗೆಯಲ್ಲಿ ಕಡಲೆಕಾಯಿ ಬೀಜ ಎಲ್ಲೆಲ್ಲೋ ಅಡಗಿರುತ್ತದೆ. ಚಿತ್ರಾನ್ನ, ಪುಳಿಯೋಗರೆ, ಚುರುಮುರಿಯಲ್ಲಿ ಕಾಣುತ್ತದೆ. ಚಟ್ನಿ, ಎಣ್ಣೆಗಾಯಿ, ಗ್ರೇವಿಯಲ್ಲಿ ಅರೆದಿರುವುದರಿಂದ ಕಾಣುವುದಿಲ್ಲ. ಬಡಿಸುವವರನ್ನು ಕೇಳಿದರೆ ಸಾಲದು, ಅಡುಗೆ ಮಾಡುವವರನ್ನೇ ಕೇಳಿ. "ಈ ಮಗುವಿಗೆ ಕಡಲೆಕಾಯಿ ಬೀಜ ಆಗುವುದಿಲ್ಲ, ತಿಂದರೆ ಉಸಿರು ಕಟ್ಟುತ್ತದೆ" ಅಂತ ಒಂದು ಚೀಟಿ ಬರೆದು ಒಳಗೆ ಕಳಿಸಿ. ಗೋಡಂಬಿ, ಹಾಲು, ಮೊಟ್ಟೆಗೂ ಹೀಗೇ. ಡಾಕ್ಟರು ಕೊಟ್ಟ ಔಷಧಿ ಲಾಕರಿನಲ್ಲಿ ಇಡಬೇಡಿ, ದೊಡ್ಡವರೊಬ್ಬರ ಮೈಮೇಲಿನ ಚೀಲದಲ್ಲಿರಲಿ.

ಹೆಜ್ಜೆ 12: ಹೊರಡುವ ದಿನ

ಒಂಬತ್ತನೇ ಹೊತ್ತು ಊರು ತಲುಪಿದ ಮೇಲಿನ ರಾತ್ರಿ ಊಟ. ಎಲ್ಲರೂ ಸುಸ್ತಾಗಿರುತ್ತೀರಿ, ಫೋನ್ ತೆಗೆದು ಪಿಜ್ಜಾ ತರಿಸುವ ಮನಸ್ಸಾಗುತ್ತದೆ. ಅದಕ್ಕೆ ನಾನು ತಂಗಿಗೆ ಮೈಸೂರು ಬಿಡುವ ಮುಂಚೆಯೇ ಒಂದು ಡಬ್ಬಿ ಸಾರಿನ ಪುಡಿ ಕೊಟ್ಟು ಕಳಿಸುತ್ತೇನೆ. ಅವಳು ಮನೆ ಬಾಗಿಲು ತೆಗೆದ ಕೂಡಲೇ ಕುಕ್ಕರಿಗೆ ಅನ್ನ, ಬೇಳೆ ಇಡುತ್ತಾಳೆ. ಚೀಲ ಬಿಚ್ಚಿ, ಒದ್ದೆ ಬಟ್ಟೆ ನೆನೆಹಾಕುವಷ್ಟರಲ್ಲಿ ಸಾರು ಕುದಿಯುತ್ತದೆ. ಹೋದ ಸಲ ಮಗಳು ತುಪ್ಪ ಹಾಕಿದ ಅನ್ನ ಸಾರಿನ ಎರಡನೇ ತುತ್ತಿಗೇ ಗೋಡೆಗೆ ಒರಗಿ ನಿದ್ದೆ ಹೋದಳಂತೆ. ಕೈಯಲ್ಲಿ ಮಾತ್ರ ಮಾರುಕಟ್ಟೆಯಲ್ಲಿ ಆರಿಸಿದ ಕೊನೆಯ ಏಲಕ್ಕಿ ಬಾಳೆಹಣ್ಣು ಇತ್ತಂತೆ.